ತಳ ತಟ್ಟಿಸಿಕೊಂಡ ಪಾವು

ನಾನೊಂದು ಹಿತ್ತಾಳೆ ಪಾವು. ಅಕ್ಕಿ ಅಳೆಯುವುದು ನನ್ನ ಕಸುಬು. ಹಿರಿಯೂರಿನ ಕಂಚುಗಾರರೊಬ್ಬರು ನನ್ನನ್ನು ಬಡಿದು, ತಿಕ್ಕಿ, ಕಂಠಕ್ಕೆ ಅಳತೆಯ ಮುದ್ರೆ ಒತ್ತಿಸಿದಾಗ, ನನ್ನಷ್ಟು ಸಾಚಾ ಈ ಪೇಟೆಯಲ್ಲಿ ಯಾರೂ ಇಲ್ಲ ಎಂದು ಬೀಗಿದ್ದೆ. ಆ ಜಂಬ ಒಂದೇ ವಾರ ಉಳಿಯಿತು.

ನನ್ನನ್ನು ಕೊಂಡ ಪಂಪಣ್ಣನದು ದಿನಸಿ ಅಂಗಡಿ. ಗಿರಾಕಿ ಇಲ್ಲದ ಹೊತ್ತು ನೋಡಿ ನನ್ನನ್ನು ಬೋರಲು ಹಾಕಿ, ತಳವನ್ನು ಸುತ್ತಿಗೆಯಿಂದ ಮೆಲ್ಲಗೆ ಒಳಕ್ಕೆ ತಟ್ಟಿದ. ಹೊರಗೆ ಮುದ್ರೆ ಹಾಗೇ ಇತ್ತು, ಒಳಗೆ ಅಕ್ಕಿ ಕಡಿಮೆ ಹಿಡಿಯಿತು. ಇಪ್ಪತ್ತು ವರ್ಷ ಅವನ ಜೊತೆ ನಾನೂ ಸುಳ್ಳು ಹೇಳಿದೆ. ನಾಚಿಕೆಯಾಗುತ್ತಿತ್ತು, ಆದರೆ ಪಾವಿನ ಮಾತು ಯಾರು ಕೇಳುತ್ತಾರೆ?

ಅಂಗಡಿ ಮುಚ್ಚಿದಾಗ ಅದೇ ಬೀದಿಯ ನಿಂಗಮ್ಮ ಹಳೇ ಪಾತ್ರೆಗಳ ಜೊತೆ ನನ್ನನ್ನು ಕೊಂಡಳು. ಅಳೆದ ಮೇಲೆ "ಇರ್ಲಿ ಬಿಡು" ಎಂದು ಇನ್ನೊಂದು ಹಿಡಿ ಹಾಕುವ ಕೈ ಅವಳದು. ಹಾಗಾಗಿ ನನ್ನ ಗುಟ್ಟು ರಟ್ಟಾಗಲಿಲ್ಲ.

ಈ ಬೇಸಿಗೆ ರಜೆಯಲ್ಲಿ ನಿಂಗಮ್ಮನ ಮೊಮ್ಮಗಳು, ಹನ್ನೊಂದು ವರ್ಷದ ಶಶಿರೇಖ, ಬೀದಿಯ ಮಕ್ಕಳನ್ನೆಲ್ಲ ಜಗಲಿಯ ಮೇಲೆ ಸೇರಿಸಿದಳು. ಇಡೀ ಬೀದಿ ಒಟ್ಟಿಗೆ ಕೂತು ಉಣ್ಣಬೇಕು, ಎಲ್ಲವನ್ನೂ ಮಕ್ಕಳೇ ನಡೆಸಬೇಕು ಎಂದಳು. ದೊಡ್ಡವರು ನಕ್ಕು ಒಂದು ಷರತ್ತು ಹಾಕಿದರು: ಒಂದೇ ಒಂದು ಎಲೆಗೆ ಅನ್ನ ಕಡಿಮೆಯಾದರೂ ಮತ್ತೆ ಈ ಆಟ ಇಲ್ಲ.

ಹದಿನಾಲ್ಕು ಮನೆ, ಅರವತ್ತೆರಡು ಜನ. ಮನೆಗೆ ಮೂವತ್ತು ರೂಪಾಯಿ ಎತ್ತಿದರೆ ಅದು ಬೇಳೆ, ತರಕಾರಿಗೇ ಮುಗಿಯಿತು. ಅಡುಗೆಯ ಪಟ್ಟಿಯಲ್ಲಿ ಪಾಯಸ ಹೊಡೆದುಹಾಕಿ ಪಾನಕ ಎಂದು ಬರೆದರು. ಅದಕ್ಕೊಬ್ಬ ಪುಟ್ಟ ಹುಡುಗ ಗೊಳೋ ಎಂದು ಅತ್ತ. ಅಕ್ಕಿ ಮಾತ್ರ ಮನೆಮನೆಯಿಂದ, ಇಬ್ಬರಿಗೆ ಒಂದು ಪಾವು, ಒಟ್ಟು ಮೂವತ್ತೊಂದು. ಅಳೆಯಲು ಸಿಕ್ಕಿದ್ದು ನಾನು!

ಶಶಿರೇಖ ಅಜ್ಜಿಯ ಹಾಗಲ್ಲ. ಬೆರಳಿನಿಂದ ನನ್ನ ಬಾಯಿ ಸವರಿ, ಒಂದು ಕಾಳೂ ಹೆಚ್ಚು ತೆಗೆದುಕೊಳ್ಳದೆ ಅಳೆದಳು. "ನೋಡಿ, ಮೋಸ ಇಲ್ಲ" ಎಂದು ಪ್ರತಿ ಬಾಗಿಲಲ್ಲೂ ಹೇಳುವಳು. ಅಯ್ಯೋ, ಎಲ್ಲಾದರೂ ಉರುಳಿಹೋಗೋಣ ಅನ್ನಿಸಿತು ನನಗೆ.

ಕೊನೆಯ ಮನೆ ಪಂಪಣ್ಣನದು. ಈಗ ಎಪ್ಪತ್ತೈದು ದಾಟಿದ ಮುದುಕ. ಕಂಡ ಕೂಡಲೇ ನನ್ನ ಗುರುತು ಹಿಡಿದ. ಅವನ ಮನೆಯ ಎರಡು ಪಾವು ಅಳೆದಾದ ಮೇಲೆ, "ಇನ್ನೂ ನಾಕು ಹಾಕ್ಕೋ ಮಗ" ಎಂದ.

"ಬೇಡ ತಾತ, ಲೆಕ್ಕ ತಪ್ಪುತ್ತೆ."

"ತಗೋ ಅಂತೀನಿ."

"ಊಹೂಂ. ಎಲ್ಲರಿಗೂ ಒಂದೇ ಅಳತೆ."

ಬಾಗಿಲಲ್ಲಿ ಸೊಸೆ ನಿಂತಿದ್ದಳು. ಮುದುಕ ಒಂದು ಗಳಿಗೆ ಅವಳ ಕಡೆ ನೋಡಿದ, ಆಮೇಲೆ ನನ್ನನ್ನು ಬೋರಲು ಹಾಕಿ ತೋರಿಸಿದ. "ಲೆಕ್ಕ ಆಗ್ಲೇ ತಪ್ಪೈತೆ. ಈ ತಳ ತಟ್ಟಿದೋನು ನಾನೇ. ಎಂಟು ಪಾವಿಗೆ ಒಂದು ಪಾವು ಕಡಿಮೆ ಬೀಳ್ತೈತೆ."

ಮಕ್ಕಳು ಬಗ್ಗಿ ನನ್ನ ತಳ ನೋಡಿದರು. ಶಶಿರೇಖ ಬೆರಳು ಮಡಿಸಿ ಎಣಿಸಿದಳು. "ಹಂಗಾದ್ರೆ ನಾಕು ಸಾಲಲ್ಲ ತಾತ, ನಾಕೂವರೆ ಹಾಕಿ. ಅದನ್ನೂ ಇದ್ರಲ್ಲೇ ಅಳೀಬೇಕಲ್ಲ."

ಭಾನುವಾರ ಬೀದಿಯಲ್ಲಿ ಅರವತ್ತೆರಡು ಎಲೆ ಬಿದ್ದವು. ಪಂಪಣ್ಣ ಬರಲಿಲ್ಲ. ಶಶಿರೇಖ ಅವನ ಮನೆಗೇ ಹೋಗಿ, "ನಿಮ್ಮ ಎಲೆ ಲೆಕ್ಕದಲ್ಲೈತೆ, ಖಾಲಿ ಬಿಡಂಗಿಲ್ಲ" ಎಂದು ಕೈಹಿಡಿದು ಕರೆತಂದಳು. ಅನ್ನ ಎಲ್ಲರಿಗೂ ಆಯಿತು.

ಮರುದಿನ ಪಂಪಣ್ಣನೇ ನನ್ನ ತಳವನ್ನು ಒಳಗಿನಿಂದ ತಟ್ಟಿ ಸರಿಮಾಡಲು ಕೂತ. ಹಳೇ ಹಿತ್ತಾಳೆ, ಬಿರುಕು ಬಿಟ್ಟಿತು. ಈಗ ನನ್ನಲ್ಲಿ ಅಕ್ಕಿ ನಿಲ್ಲುವುದಿಲ್ಲ. ಶಶಿರೇಖಳ ಕಿಟಕಿಯಲ್ಲಿ ಪೆನ್ಸಿಲು ಹಿಡಿದುಕೊಂಡು ಕೂತಿದ್ದೇನೆ. ಕಂಠದ ಮುದ್ರೆ ಇನ್ನೂ ಅಳಿಸಿಲ್ಲ. ಈಗ ಅದನ್ನು ಯಾರಾದರೂ ಬಗ್ಗಿ ಓದಿದರೆ ನನಗೆ ನಾಚಿಕೆಯಾಗುವುದಿಲ್ಲ.