ಕೈ ಎತ್ತಿದವರು

ನಮ್ಮ ಯುವಜನ ಬಳಗದಲ್ಲಿ ಎಲ್ಲವೂ ಕೈ ಎತ್ತಿಯೇ ತೀರ್ಮಾನವಾಗಬೇಕು. ನಾಟಕದ ಪರದೆಯ ಬಣ್ಣಕ್ಕೂ ಕೈ, ಬಿಸ್ಕತ್ತು ಸಿಹಿಯೋ ಉಪ್ಪೋ ಎನ್ನುವುದಕ್ಕೂ ಕೈ. ಇಷ್ಟು ದಿನ ನನಗೆ ನಗು ಬರುತ್ತಿತ್ತು. ಆ ಸಂಜೆ ಬರಲಿಲ್ಲ.

ನಾನು ದರ್ಜಿ. ಬಿಡುವಿನಲ್ಲಿ ಬಂದು ಬಳಗದ ಮಕ್ಕಳ ನಾಟಕಕ್ಕೆ ಬಟ್ಟೆ ಹೊಲಿದುಕೊಡುತ್ತೇನೆ. ರಾಣಿಯ ಪಾತ್ರದ ಹುಡುಗಿಗೆ ಅಳತೆ ತೆಗೆಯುವಾಗ ಟೇಪು ಬೆನ್ನಿಗೆ ತಾಗಿದ್ದೇ ತಡ, ಮಗು ಹೌಹಾರಿತು. ಕಾಲರ್ ಸರಿಸಿ ನೋಡಿದೆ. ಬೆಲ್ಟಿನ ಬಕಲ್ಲಿನ ಅಚ್ಚು, ಹಳೆಯದರ ಮೇಲೆ ಹೊಸದು.

"ಬಿದ್ಬಿಟ್ಟೆ ಅಕ್ಕ," ಅಂದಳು. ಬಕಲ್ಲಿನ ಮೇಲೆ ಯಾರಾದರೂ ಬೀಳುತ್ತಾರೆಯೇ, ಅದೂ ಮತ್ತೆ ಮತ್ತೆ?

ಬಳಗದ ಹಿರಿಯನಿಗೆ ಹೇಳಿದೆ. ಎಲ್ಲರೂ ದೊಡ್ಡಣ್ಣ ಎಂದು ಕರೆಯುವ ಆ ಮನುಷ್ಯ ಕೂಡಲೇ ಚಾಪೆ ಹಾಸಿಸಿ ಸಭೆ ಕರೆದ. ಹುಡುಗಿಯನ್ನು ಕರೆದೊಯ್ಯಲು ಅವಳ ಚಿಕ್ಕಪ್ಪ ಬರುವ ಹೊತ್ತಾಗಿತ್ತು. ಅವಳನ್ನು ಸಾಕುತ್ತಿರುವವನು ಅವನೇ, ನಮಗೆ ಪುಕ್ಕಟೆ ವೇದಿಕೆ ಕಟ್ಟಿಕೊಡುವ ಬಡಗಿಯೂ ಅವನೇ.

"ಅವನು ಅಂಥೋನಲ್ಲ ಬಿಡಿ," ದೊಡ್ಡಣ್ಣ ಗಡ್ಡ ನೀವಿಕೊಂಡ. "ಮೊದ್ಲು ಅವನನ್ನೇ ಕೂರಿಸ್ಕೊಂಡು ಕೇಳೋಣ."

"ಕೇಳಿದ್ರೆ ಮನೆಗೆ ಹೋಗಿ ಇವಳ ಚರ್ಮ ಸುಲೀತಾನೆ," ಅಂದೆ. "ಮಕ್ಕಳ ರಕ್ಷಣೆ ತರಬೇತೀಲಿ ನಮಗೆಲ್ಲ ಏನ್ ಹೇಳಿದ್ರು? ಅನುಮಾನ ಬಂದ್ರೆ ಸಾಕು, ತಿಳಿಸ್ಲೇಬೇಕು, ಅದು ಕಾನೂನು. ಸಾಕ್ಷಿ ಹುಡುಕೋದು ನಮ್ ಕೆಲ್ಸ ಅಲ್ಲ. ಅವತ್ತು ಚಪ್ಪಾಳೆ ತಟ್ಟಿದ್ರಲ್ಲ?"

"ಕಾನೂನು ಇದ್ದೇ ಇರತ್ತೆ. ನಮ್ದೂ ಒಂದು ಪದ್ಧತಿ ಇದೆಯಲ್ಲಮ್ಮ. ಸದ್ಯಕ್ಕೆ ಯಾರಿಗೂ ಹೇಳೋದು ಬೇಡ ಅನ್ನೋರು ಕೈ ಎತ್ತಿ."

ಮೇಷ್ಟರ ಕೈ ಎದ್ದಿತು. ದಾದಿಯ ಕೈ ಎದ್ದಿತು. ಆಮೇಲೆ ಉಳಿದವು. ಸೋಪು ಹಾಕಿ ತೊಳೆದ, ನೀಟಾಗಿ ಉಗುರು ಕತ್ತರಿಸಿದ ಕೈಗಳು. ಥೂ, ಇದೇ ಕೈಗಳಿಂದ ಮಕ್ಕಳ ತಲೆ ಸವರುತ್ತಾರಲ್ಲ ಎನಿಸಿತು.

ಬಾಗಿಲ ಬಳಿ ಇನ್ನೊಂದು ಕೈ. ಆ ಹುಡುಗಿ ಯಾವಾಗ ಬಂದು ನಿಂತಿದ್ದಳೋ. ನಮ್ಮಲ್ಲಿ ಮಕ್ಕಳಿಗೂ ಮತ ಉಂಟು. ದೊಡ್ಡವರ ಮುಖ ನೋಡುತ್ತ ಅವಳೂ ಎತ್ತಿದ್ದಳು. ಅಂಗಿಯ ತೋಳು ಜಾರಿ, ಮೊಣಕೈಯವರೆಗಿನ ಬಾಸುಂಡೆ ಎಲ್ಲರಿಗೂ ಕಂಡಿತು.

ಒಬ್ಬರೂ ಕೈ ಇಳಿಸಲಿಲ್ಲ.

"ನೋಡಿ, ಅವಳೇ ಬೇಡ ಅಂತಾಳೆ," ಅಂದ ದೊಡ್ಡಣ್ಣ.

ಹೊರಗೆ ಚಿಕ್ಕಪ್ಪನ ಬೈಕು ನಿಂತ ಸದ್ದಾಯಿತು. ನಾನು ಬಾಗಿಲಿಗೆ ಚಿಲಕ ಹಾಕಿ, ಹುಡುಗಿಯನ್ನು ಪಕ್ಕಕ್ಕೆಳೆದುಕೊಂಡು, ಮಕ್ಕಳ ಸಹಾಯವಾಣಿಗೆ ಫೋನ್ ಹಚ್ಚಿದೆ. ಕಂಡದ್ದನ್ನೆಲ್ಲ ಹೇಳಿದೆ.

"ನಿಮ್ಮ ಹೆಸರು ಗುಟ್ಟಾಗಿ ಇಡ್ಬೇಕಾ?" ಆ ಕಡೆಯ ಹೆಂಗಸು ಕೇಳಿದಳು.

"ಬೇಡ. ಇಲ್ಲಿರೋ ಎಲ್ಲರ ಹೆಸರೂ ಬರ್ಕೊಳ್ಳಿ. ಬಾಯಿ ಮುಚ್ಕೊಂಡಿರೋಣ ಅಂತ ಕೈ ಎತ್ಕೊಂಡು ಕೂತಿದಾರೆ."

ಆಗ ಕೈಗಳು ಒಂದೇ ಸಲಕ್ಕೆ ಇಳಿದವು. ಹುಡುಗಿಯ ಕೈ ಮಾತ್ರ ಮೇಲೇ ಇತ್ತು. ಅದನ್ನು ನಾನೇ ಮೆಲ್ಲಗೆ ಹಿಡಿದು ಇಳಿಸಿದೆ.