ಬಾಲದ ಗಾಜು

ಆಲ್ಬನ್ ಮಿನೇಜಸ್ ಅವರ ದೊಡ್ಡ ಲೆನ್ಸಿನ ಬಾಲದಲ್ಲಿ ಇರಬೇಕಾದ ಗಾಜು ಇಲ್ಲ ಎಂಬ ಗಂಭೀರ ಸಂಗತಿಯನ್ನು ಆಲೂರಿನ ಸ್ಟುಡಿಯೋ ನಟರಾಜ್, ಶವಪೆಟ್ಟಿಗೆಯ ಪಕ್ಕದಲ್ಲೇ ನಿಂತು, ಜಪಸರದ ಪ್ರಾರ್ಥನೆಯ ನಟ್ಟನಡುವೆ ಪ್ರಕಟಿಸಿದರು. ಎಡಗೈಯಲ್ಲಿ ಲೆನ್ಸನ್ನು ಎಳೆಗೂಸಿನಂತೆ ಅವಚಿಕೊಂಡು, ಬಲಗೈಯಿಂದ ಅದರ ಹಿಂಬದಿಯ ಪುಟ್ಟ ಡ್ರಾಯರನ್ನು ಎಳೆದು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದರು. ಡ್ರಾಯರಿನ ನಡುವೆ ಮುಲಾಮಿನ ಡಬ್ಬಿಯ ಮುಚ್ಚಳದಷ್ಟು ಅಗಲದ ತೂತು. ತೂತಿನಾಚೆ ಮೇಣದಬತ್ತಿ ಉರಿಯುತ್ತಿತ್ತು.

"ಗಾಜೇ ಇಲ್ಲ ಕಣ್ರೀ. ಬರೀ ಚೌಕಟ್ಟು ಐತೆ."

ಜಪಸರ ನಿಂತಿತು. ಪಕ್ಕದ ತೋಟದ ರಾಜಲಕ್ಷ್ಮಮ್ಮ, ಪ್ರಾರ್ಥನೆ ಬರದಿದ್ದರೂ ತುಟಿ ಆಡಿಸುತ್ತಾ ಕೂತಿದ್ದವರು, ತುಟಿ ಆಡಿಸುವುದನ್ನು ಬಿಟ್ಟು ಬಾಯಿ ತೆರೆದರು.

"ಏನ್ ನಟರಾಜಪ್ಪ, ಮನ್ಷನೇ ಹೋಗವ್ರೆ, ನೀನು ಗಾಜು ಗಾಜು ಅಂತೀಯಲ್ಲ."

"ಅಮ್ಮಾ, ಸಾಯಂಕಾಲ ಮಣ್ಣು ಮಾಡೋವಾಗ ಎದುರು ಗುಡ್ಡ ಯಾರು ನೋಡ್ತಾರೆ? ನಿಮ್ಮ ಕಣ್ಣಿಗೆ ಕಾಣ್ತೈತಾ?"

ಇಗರ್ಜಿಯ ಸ್ಮಶಾನ ಇರುವುದು ಬಾಳ್ಳುಪೇಟೆಯಿಂದ ಒಳಗೆ, ಗುಡ್ಡದ ನೆತ್ತಿಯಲ್ಲಿ. ಕೆಳಗೆ ಕಾಫಿ ತುಂಬಿದ ಕಣಿವೆ, ಅದರಾಚೆ ಇನ್ನೊಂದು ಗುಡ್ಡ. ಆನೆಗಳು ಕಾಫಿ ತೋಟದಲ್ಲೇ ಸಂಸಾರ ಹೂಡಿದ ಮೇಲೆ ಆಲ್ಬನ್ ಇಲ್ಲದೆ ಅಲ್ಲಿ ಒಂದು ಹೆಣವೂ ಮಣ್ಣಾಗಿರಲಿಲ್ಲ. ಮೊದಲು ಅವರು ಪೆಟ್ಟಿಗೆಯ ಸುತ್ತ ಮನೆಮಂದಿಯನ್ನು ನಿಲ್ಲಿಸಿ ಕೊನೆಯ ಫೋಟೋ ತೆಗೆಯುತ್ತಿದ್ದರು. ಆ ಫೋಟೋ ಆಗದೆ ಸತ್ತವರನ್ನು ಪೂರ್ತಿ ಸತ್ತವರೆಂದು ಆ ಕಡೆಯ ಕ್ರೈಸ್ತರು ಒಪ್ಪುತ್ತಿರಲಿಲ್ಲ. ಆಮೇಲೆ ದೊಡ್ಡ ಲೆನ್ಸನ್ನು ಸ್ಮಶಾನದ ಗೋಡೆಯ ಮೇಲಿಟ್ಟು, ಕೊನೆಯ ಹಿಡಿ ಮಣ್ಣು ಬೀಳುವವರೆಗೆ ಎದುರು ಗುಡ್ಡದ ಮೇಲೆ ಕಣ್ಣಿಟ್ಟಿರುತ್ತಿದ್ದರು. ಒಂದು ಕೈ ಎತ್ತಿದರೆ ಪಾದ್ರಿಗಳು ಪ್ರಾರ್ಥನೆ ಮೊಟಕು ಮಾಡಬೇಕು. ಎರಡೂ ಕೈ ಎತ್ತಿದರೆ ಎಲ್ಲರೂ ಇಗರ್ಜಿಯೊಳಕ್ಕೆ ಓಡಬೇಕು. ಎರಡೂ ಕೈ ಎತ್ತಿದ್ದು ಒಮ್ಮೆ ಮಾತ್ರ. ಅವತ್ತು ಮೊದಲು ಒಳಗೆ ಸೇರಿದವರು ಪಾದ್ರಿಗಳು.

"ಮೊಬೈಲಿಗೆ ಫಾರೆಸ್ಟಿನೋರ ಮೆಸೇಜ್ ಬರ್ತದಲ್ಲ, ಆನೆ ಎಲ್ಲೈತೆ ಅಂತ," ಎಂದರು ಕಾಫಿ ಬೆಳೆಗಾರ ರವಿಚಂದ್ರ.

"ಗುಡ್ಡದ ಮೇಲೆ ಸಿಗ್ನಲ್ ಎಲ್ಲೈತೆ ಮಾರಾಯ? ಬಾಳ್ಳುಪೇಟೆಗೆ ಇಳ್ದು ಮೆಸೇಜ್ ನೋಡ್ಕಂಡು ಬರ್ಬೇಕು, ಆನೆ ನಿಮ್ಮ ಬೆನ್ನ ಹಿಂದೇನೇ ಐತೆ ಅಂತ," ಎಂದರು ನಟರಾಜ್.

ಶೋಕಕ್ಕೆ ಬಂದವರು ಒಬ್ಬೊಬ್ಬರಾಗಿ ಬಗ್ಗಿದರು. ಕುರ್ಚಿಗಳ ಕೆಳಗೆ, ಹೂವಿನ ಚಕ್ರಗಳ ಹಿಂದೆ, ಮಂಚದಡಿ, ಕಪಾಟಿನ ಸಂದಿನಲ್ಲಿ ಹುಡುಕಿದರು. ಮಗ ಜೋ ಮಾತ್ರ ಬಾಗಿಲಿಗೆ ಒರಗಿ ನಿಂತೇ ಇದ್ದ. ಹಾಸನದಲ್ಲಿ ಲಾರಿಗಳ ವೈರಿಂಗ್ ಕೆಲಸ ಮಾಡುವವನು. ಡ್ರಾಯರಿನ ತೂತು ಕಂಡಾಗಿನಿಂದ ಅವನ ಮುಖದಲ್ಲಿ ರಕ್ತವಿರಲಿಲ್ಲ.

ಬಗ್ಗದ ಇನ್ನೊಬ್ಬರು ಮೊಡೆಸ್ಟಾ. ಗಂಡನ ಕಾಲ ಬಳಿ, ಕಪ್ಪು ಸೀರೆಯಲ್ಲಿ, ನೆಟ್ಟಗೆ ಕೂತಿದ್ದರು. ಗಾಜು ಅವರ ರವಿಕೆಯೊಳಗೆ, ಕರ್ಚೀಫಿನಲ್ಲಿ ಸುತ್ತಿಕೊಂಡು, ಸೋಮವಾರದಿಂದ ಇತ್ತು.

*

ಆ ಲೆನ್ಸು ಮನೆಗೆ ಬಂದಾಗ ಜೋ ಇನ್ನೂ ಹುಟ್ಟಿರಲಿಲ್ಲ. ಹೊಂಗಡಹಳ್ಳದ ಕಡೆಯ ಎಸ್ಟೇಟ್ ಮಾಲೀಕರೊಬ್ಬರು ತಾನಾಗಿಯೇ ಫೋಕಸ್ ಮಾಡಿಕೊಳ್ಳುವ ಹೊಸ ಯಂತ್ರ ತರಿಸಿಕೊಂಡು, ಕೈಯಲ್ಲಿ ತಿರುಗಿಸುವ ಈ ಹಳೆಯದನ್ನು ಆಲ್ಬನ್‌ಗೆ ದಾನ ಮಾಡಿದ್ದರು. ಅಲ್ಲಿಯವರೆಗೆ ಆಲ್ಬನ್ ತೆಗೆದಿದ್ದು ಮದುವೆ, ಪಾಸ್‌ಪೋರ್ಟ್ ಸೈಜು, ಮಕ್ಕಳ ಮೊದಲ ಪರಮಪ್ರಸಾದ ಮತ್ತು ವಿಮೆಯವರಿಗೆ ತೋರಿಸಲು ಸತ್ತ ಹಸುವಿನ ಫೋಟೋ, ಕಿವಿಯ ಬಿಲ್ಲೆ ಕಾಣುವಂತೆ. ದೂರದ್ದನ್ನು ತೆಗೆಯಿರಿ ಎಂದು ಅವರನ್ನು ಯಾರೂ ಕೇಳಿರಲಿಲ್ಲ.

ಅವರ ಮನೆಮಾತು ಕೊಂಕಣಿ. ಕನ್ನಡದಲ್ಲಿ ಹೇಳಿದರೆ ಅರ್ಥಕ್ಕೆ ನಷ್ಟವಿಲ್ಲ, ಬೈಗುಳಕ್ಕೆ ಸ್ವಲ್ಪ ಇದೆ.

"ಮುಂದಿನ ಗಾಜು ನೋಡು, ತಿಂಡಿ ತಟ್ಟೆಯಷ್ಟಿದೆ. ಅದಕ್ಕೆ ಫಿಲ್ಟರ್ ಹಾಕ್ಬೇಕಂದ್ರೆ ಎಲ್ಲಿಂದ ತರೋದು? ಅದಕ್ಕೇ ಬಾಲದಲ್ಲಿ ಡ್ರಾಯರ್ ಇಟ್ಟಿದ್ದಾರೆ. ಇಲ್ಲಿಗೆ ಬರೋವಾಗ ಬೆಳಕು ಸಣ್ಣದಾಗಿರತ್ತೆ, ಸಣ್ಣ ಗಾಜು ಸಾಕು," ಎಂದರು ಆಲ್ಬನ್.

ಸ್ಟುಡಿಯೋದಲ್ಲಿ ಪಾಸ್‌ಪೋರ್ಟ್ ಫೋಟೋ ಕತ್ತರಿಸುತ್ತಿದ್ದ ಮೊಡೆಸ್ಟಾ ಕತ್ತರಿ ಕೆಳಗಿಟ್ಟು ನೋಡಿದರು. ಕೆಂಪು ಗಾಜೊಂದು, ಹಳದಿಯದೊಂದು, ಬಣ್ಣವಿಲ್ಲದ್ದೊಂದು.

"ಈ ಬಿಳೀದು ಏನು ಮಾಡತ್ತೆ?"

"ಏನೂ ಮಾಡಲ್ಲ. ಆದ್ರೆ ಇರ್ಲೇಬೇಕು. ಲೆನ್ಸ್ ಮಾಡಿದವನು ಅದನ್ನೂ ಲೆಕ್ಕಕ್ಕೆ ಹಿಡಿದಿದ್ದಾನೆ. ಡ್ರಾಯರ್ ಖಾಲಿ ಬಿಟ್ರೆ ದೂರದ್ದು ಬರೋದಿಲ್ಲ. ಎಷ್ಟು ತಿರುಗಿಸಿದ್ರೂ ಮಸುಕು."

"ಏನೂ ಮಾಡಲ್ಲ, ಆದ್ರೆ ಇರ್ಲೇಬೇಕು. ನಿಮ್ಮಣ್ಣನ ಹಾಗೆ."

ಆಲ್ಬನ್ ನಕ್ಕರು. ಅಣ್ಣ ಎಲ್ಲ ಮದುವೆಗಳಲ್ಲೂ ಮುಂದಿನ ಕುರ್ಚಿಯಲ್ಲಿ ಕೂರುವವನು.

"ಹತ್ತಿರದ್ದು?" ಎಂದು ಕೇಳಿದರು ಮೊಡೆಸ್ಟಾ.

"ಹತ್ತಿರದ್ದು ಬರತ್ತೆ."

ಕೆಂಪು, ಹಳದಿ ಗಾಜುಗಳನ್ನು ಮುಂದೆ ಬೂಷ್ಟು ತಿಂದುಹಾಕಿತು. ಏನೂ ಮಾಡದ ಗಾಜು ಮಾತ್ರ ಉಳಿಯಿತು.

*

ನಟರಾಜ್ ಲೆನ್ಸನ್ನು ತಮ್ಮ ಕ್ಯಾಮೆರಾಕ್ಕೆ ಹಾಕಿ ಜಗಲಿಯಲ್ಲಿ ಪರೀಕ್ಷೆ ನಡೆಸಿದರು. ಆಲ್ಬನ್ ಅವರ ಕ್ಯಾಮೆರಾ ಅವರ ಜೊತೆಗೇ ಆನೆಯ ಕಾಲಡಿ ಸಿಕ್ಕಿ ಪುಡಿಯಾಗಿತ್ತು. ಲೆನ್ಸು ಕಾಫಿ ಗಿಡದ ಬುಡದ ತರಗಿನ ಮೇಲೆ ಉರುಳಿಕೊಂಡು ಬದುಕಿತ್ತು. ಆನೆ ಆ ಮಟ್ಟಿಗೆ ಆರಿಸಿ ತುಳಿದಿತ್ತು.

"ನೋಡ್ರೀ, ಗೇಟಿನ ತುಕ್ಕು ಎಷ್ಟು ಚೆನ್ನಾಗಿ ಬರ್ತೈತೆ. ಗುಡ್ಡಕ್ಕೆ ತಿರುಗ್ಸಿದ್ರೆ ಹತ್ತಿ ಹಿಂಜಿದಂಗೆ ಮಸುಕು." ಆಮೇಲೆ ತಡೆಯಲಾರದೆ, ಪುಡಿಯಾದ ಕ್ಯಾಮೆರಾದಿಂದ ಉಳಿಸಿಕೊಂಡಿದ್ದ ಕಾರ್ಡನ್ನು ಹಾಕಿ, ಬುಧವಾರ ಆಲ್ಬನ್ ತೆಗೆದ ಕೊನೆಯ ಚಿತ್ರ ತೋರಿಸಿದರು. ಕಾಫಿ ಎಲೆಗಳ ನಡುವೆ ಒಂದು ಕಣ್ಣು, ಸುತ್ತ ಮಣ್ಣು ಮೆತ್ತಿದ ಚರ್ಮ. "ರೆಪ್ಪೆಗೂದಲು ನೋಡ್ರೀ, ಒಂದೊಂದೂ ಎಣಿಸ್ಬೋದು. ಏನ್ ಶಾರ್ಪ್ ಐತೆ!" ಎಂದವರು, ತಾವು ಎಲ್ಲಿದ್ದೇವೆ ಎಂಬುದು ನೆನಪಾಗಿ ಕ್ಯಾಮೆರಾವನ್ನು ಎದೆಗೆ ಮುಚ್ಚಿಕೊಂಡರು.

ರವಿಚಂದ್ರ ಮುಖ ಬೇರೆ ಕಡೆ ತಿರುಗಿಸಿದ್ದರು. ಹೆಣ ಸಿಕ್ಕಿದ್ದು ಅವರದೇ ತೋಟದಲ್ಲಿ. "ಫಾರೆಸ್ಟಿನೋರು ಬರೋಗಂಟ ಪೆಟ್ಟಿಗೆ ಹೈವೇಲಿ ಇಟ್ಕಂಡು ಕೂರನ ಅಂದೆ. ಮಂಗ್ಳೂರು ಬಸ್ ಎಲ್ಲಾ ನಿಲ್ಬೇಕಿತ್ತು. ಮೊಡೆಸ್ಟಕ್ಕ ಬ್ಯಾಡ ಅಂದ್ಬುಟ್ರು." ಆಮೇಲೆ ನಟರಾಜ್ ಕಡೆ ತಿರುಗಿ ಕೇಳಿದರು: "ಅಲ್ಲ, ಈ ಮನ್ಷ ಯಾವತ್ತೂ ಬೇಲಿ ದಾಟ್ದೋರಲ್ಲ. ಅಷ್ಟು ಹತ್ರ ಯಾಕೆ ಹೋದ್ರು ಅಂತೀನಿ?"

"ಗಾಜಿಲ್ಲ. ದೂರದ್ದು ಬಂದಿಲ್ಲ," ಎಂದರು ನಟರಾಜ್, ಕೆಟ್ಟ ಪಂಪ್‌ಸೆಟ್ ಬಿಚ್ಚಿ ನೋಡಿದವರ ಧಾಟಿಯಲ್ಲಿ. "ಬರೋವರ್ಗೂ ಮುಂದಕ್ಕೆ ಹೋಗವ್ರೆ. ಅಷ್ಟೇ."

ಬಾಗಿಲ ಬಳಿಯಿಂದ ಜೋ ಹೇಳಿದ: "ಭಾನ್ವಾರ ನಾನೇ ಕ್ಲೀನ್ ಮಾಡಿದ್ದು."

ಎಲ್ಲರೂ ತಿರುಗಿದರು.

"ಡ್ರಾಯರ್ ಎಳ್ದು, ಗಾಜು ಬಿಚ್ಚಿ ಒರೆಸ್ದೆ. ವಾಪಸ್ ಹಾಕ್ದೆ ಅಂತ್ಲೇ ಅನ್ಸತ್ತೆ. ಅಷ್ಟರಲ್ಲಿ ಹಾಸನದಿಂದ ಫೋನ್ ಬಂತು..." ಅವನು ತನ್ನ ಬೆರಳುಗಳನ್ನು ನೋಡಿಕೊಂಡ. "ಹಾಕಿದ್ನಾ ಇಲ್ವಾ, ನೆನಪಿಗೇ ಬರ್ತಿಲ್ಲ."

"ಅಯ್ಯೋ ಬುಡಪ್ಪ, ಬೇಕಂತ ಮಾಡ್ದ್ಯಾ," ಎಂದು ರಾಜಲಕ್ಷ್ಮಮ್ಮ ಅವನ ಬೆನ್ನು ಸವರಿದರು. ಸಮಾಧಾನ ಹೇಳುವುದರಲ್ಲಿ ಅವರದು ಎತ್ತಿದ ಕೈ. ಅಲ್ಲಿಯವರೆಗೆ ಅನುಮಾನವಾಗಿದ್ದದ್ದು ಆ ಸವರುವಿಕೆಯಿಂದ ಖಚಿತವಾಯಿತು. ಮಾತು ಅಡುಗೆಮನೆ ತಲುಪಿದಾಗ 'ಗಾಜು ಕಳೆದವನು ಜೋ' ಎಂದಿತ್ತು. ಅಂಗಳದ ಶಾಮಿಯಾನಕ್ಕೆ ಬಂದಾಗ ಗಾಜು ಉದುರಿಹೋಗಿ, 'ಪಾಪ, ಮಗನಿಂದಲೇ ಆಯ್ತಂತೆ' ಎಂದಷ್ಟೇ ಉಳಿದಿತ್ತು.

ಜೋ ಒಳಗೆ ಬಂದು ತಾಯಿಯ ಕುರ್ಚಿಯ ಬಳಿ ನೆಲದ ಮೇಲೆ ಕೂತ.

"ಮಮ್ಮಿ, ಪಪ್ಪ ಅವತ್ತು ಏನಾದ್ರೂ ಕೇಳಿದ್ರಾ? ಗಾಜಿನ ವಿಷ್ಯ?"

ಮೊಡೆಸ್ಟಾ ಗಂಡನ ಪಾದರಕ್ಷೆಯನ್ನು ನೋಡುತ್ತಿದ್ದರು. ಹೊಸದು, ಯಾರೋ ಆತುರದಲ್ಲಿ ತಂದದ್ದು, ಒಂದು ಸೈಜು ದೊಡ್ಡದಾಗಿತ್ತು.

"ಇಲ್ಲ," ಎಂದರು.

ಹೇಳಬೇಕು ಎಂದುಕೊಂಡರು. ಬಂದವರೆಲ್ಲ ಹೋಗಲಿ, ಮನೆ ಖಾಲಿಯಾಗಲಿ, ಆಮೇಲೆ. ಕರ್ಚೀಫಿನ ಒಳಗೆ ಗಾಜಿನ ಸುತ್ತಲಿದ್ದ ಲೋಹದ ಉಂಗುರದ ಅಂಚು ಉಸಿರೆಳೆದಾಗಲೆಲ್ಲ ಒತ್ತುತ್ತಿತ್ತು.

*

ಹಾಸನದ ಡಾಕ್ಟರು ಹೃದಯಕ್ಕೆ ಎರಡು ಕಡೆ ಸ್ಟೆಂಟ್ ಹಾಕಿ, ಗುಡ್ಡ ಹತ್ತಬೇಡಿ ಎಂದಿದ್ದರು. ಆಲ್ಬನ್ ಆಗಲಿ ಎಂದಿದ್ದರು. ಆದರೆ ಕಾಫಿ ಕುಯ್ಲು ಶುರುವಾಗಿತ್ತು. ಆಳುಗಳನ್ನು ಯಾವ ಕಡೆ ಬಿಡಬಹುದು, ಆನೆ ಯಾವ ಬದಿ ಇದೆ ಎಂದು ಬೆಳಗಾದರೆ ಫೋನು. ಆಲ್ಬನ್ ಲೆನ್ಸನ್ನು ಹೆಗಲಿಗೇರಿಸಿ ಹೊರಡುವರು, ಬೇಲಿಯ ಈಚೆ ನಿಂತು ಎದುರು ಗುಡ್ಡ ನೋಡಿ ಹೇಳುವರು. ಬಾಗಿಲಿಗೆ ಬೀಗ ಹಾಕಿದರೆ ಹಿತ್ತಲಿನಿಂದ ಹೋಗುತ್ತಾರೆ, ಸ್ಟ್ಯಾಂಡ್ ಅಡಗಿಸಿದರೆ ಬೇಲಿಗೂಟದ ಮೇಲಿಟ್ಟು ನೋಡುತ್ತಾರೆ ಎಂಬುದು ಮೊಡೆಸ್ಟಾಗೆ ಗೊತ್ತಿತ್ತು. ಗಾಜಿಗೆ ಬದಲಿ ಇರಲಿಲ್ಲ. ದೂರದ್ದು ಕಾಣದಿದ್ದರೆ ಮನೆಯಲ್ಲಿ ಕೂರುತ್ತಾರೆ ಎಂದು ಸೋಮವಾರ ಅದನ್ನು ತೆಗೆದಿಟ್ಟಿದ್ದರು. ಮಳೆ ಹನಿದು ಎರಡು ದಿನ ಕುಯ್ಲು ನಿಂತಿದ್ದರಿಂದ ಫೋನೂ ಬಂದಿರಲಿಲ್ಲ.

ಬುಧವಾರ ಬೆಳಿಗ್ಗೆ ಮೊಡೆಸ್ಟಾ ಗಂಜಿ ತಿರುವುತ್ತಿದ್ದರು.

"ಮೊಡೆಸ್ಟಾ, ಬಾಲದ ಗಾಜು ಕಂಡ್ಯಾ?"

"ನಿಮ್ಮ ಸಾಮಾನು ನಾನು ಮುಟ್ತೀನಾ?"

ಆಲ್ಬನ್ ಶಿಳ್ಳೆ ಹಾಕುತ್ತಾ ಎರಡು ಕಪಾಟು ಹುಡುಕಿದರು. ಅಷ್ಟರಲ್ಲಿ ರವಿಚಂದ್ರನ ಫೋನು ಬಂತು. "ಆಳುಗಳು ಬಂದಾಯ್ತಾ? ಗೇಟಲ್ಲೇ ನಿಲ್ಸಿ. ನೋಡಿ ಹೇಳ್ತೀನಿ," ಎಂದರು ಆಲ್ಬನ್ ಫೋನಿಗೆ.

"ಗಾಜಿಲ್ಲದೆ ಏನು ಕಾಣತ್ತೆ ನಿಮಗೆ?" ಎಂದು ಒಳಗಿನಿಂದ ಕೂಗಿದರು ಮೊಡೆಸ್ಟಾ.

ಆಲ್ಬನ್ ಆಗಲೇ ಗೇಟಿನ ಬಳಿ ಇದ್ದರು. "ಹತ್ತಿರದ್ದು ಬರತ್ತೆ," ಎಂದು ನಕ್ಕರು.

ಮೊಡೆಸ್ಟಾ ಸೌಟು ಹಿಡಿದು ಒಂದು ಕ್ಷಣ ನಿಂತರು. ರವಿಕೆಯ ಮೇಲೆ ಕೈ ಹೋಯಿತು. ಕರೆದು ಕೊಟ್ಟರೆ, ನಾಳೆಯಿಂದ ಮತ್ತೆ ಅದೇ. ಈಗ ಸುಮ್ಮನಿದ್ದರೆ, ಏನೂ ಕಾಣದೆ ಬೇಸತ್ತು ಅರ್ಧ ಗಂಟೆಯಲ್ಲಿ ಬರುತ್ತಾರೆ. ಅವರು ಒಲೆ ಸಣ್ಣ ಮಾಡಿ, ಗಂಜಿ ಆರದಂತೆ ತಟ್ಟೆ ಮುಚ್ಚಿದರು.

*

ಸ್ಮಶಾನದಲ್ಲಿ ನಟರಾಜ್ ಮನೆಮಂದಿಯನ್ನು ಪೆಟ್ಟಿಗೆಯ ಸುತ್ತ ನಿಲ್ಲಿಸಿದರು. "ಮೊಡೆಸ್ಟಕ್ಕ, ಒಂಚೂರು ಈ ಕಡೆ. ಜೋ, ತಲೆ ಎತ್ತಪ್ಪ. ಎಲ್ಲಾರೂ ಆಲ್ಬಣ್ಣನ್ನ ನೋಡಿ, ನನ್ನಲ್ಲ." ಅದು ಆಲ್ಬನ್ ಅವರದೇ ಮಾತು, ಎಲ್ಲ ಸಾವುಗಳಲ್ಲೂ ಹೇಳುತ್ತಿದ್ದದ್ದು. ಎಲ್ಲರೂ ಅವರನ್ನು ನೋಡಿದರು. ಮುಖಕ್ಕೆ ಏನೂ ಆಗಿರಲಿಲ್ಲ. ಆ ಫೋಟೋದಲ್ಲಿ ಮೊಡೆಸ್ಟಾ ಒಬ್ಬರೇ ಬೇರೆಲ್ಲೋ ನೋಡುತ್ತಿದ್ದಾರೆ.

ಪೆಟ್ಟಿಗೆ ಮುಚ್ಚಿದರು. ನಟರಾಜ್ ಕ್ಯಾಮೆರಾವನ್ನು ದೊಡ್ಡ ಲೆನ್ಸಿಗೆ ಸಿಕ್ಕಿಸಿ ಗೋಡೆಯ ಮೇಲಿಟ್ಟರು, ಇಡಬೇಕಾದ್ದರಿಂದ. ಕಣ್ಣಿಟ್ಟವನು ಜೋ. ಪಾದ್ರಿಗಳು ಪುಸ್ತಕ ತೆರೆದು, ಒಂದು ಕಣ್ಣು ಪುಸ್ತಕದ ಮೇಲೆ, ಒಂದು ಜೋನ ಕೈಗಳ ಮೇಲೆ ಇಟ್ಟು ಶುರು ಮಾಡಿದರು.

"ಏನೋ ಐತೆ," ಎಂದ ಜೋ.

ಪ್ರಾರ್ಥನೆ ನಿಂತಿತು. ಹಿಂದಿನ ಸಾಲಿನವರು ಆಗಲೇ ಇಗರ್ಜಿಯ ಬಾಗಿಲ ಕಡೆಗೆ ತಿರುಗಿದ್ದರು.

"ಏನೈತೆ? ಸರಿಯಾಗಿ ಹೇಳು ಮಾರಾಯ!" ರವಿಚಂದ್ರನ ದನಿ ಏರಿತು.

"ಕಪ್ಪಗೆ. ದೊಡ್ಡದು. ಆನೆಯೋ ಬಂಡೆಯೋ, ಗೊತ್ತಾಗ್ತಿಲ್ಲ." ಜೋ ಲೆನ್ಸಿನ ಫೋಕಸ್ ಉಂಗುರವನ್ನು ಕೊನೆಯವರೆಗೆ ತಿರುಗಿಸಿದ, ಅದು ತಡೆದು ನಿಂತ ಮೇಲೂ ತಿರುಗಿಸುತ್ತಲೇ ಇದ್ದ. "ಬರ್ತಿಲ್ಲ. ನಾನೇ ಹಾಳ್ಮಾಡ್ದೆ. ಪಪ್ಪನೂ ಹಿಂಗೇ ತಿರುಗ್ಸಿರ್ತಾರೆ..." ಅವನ ಹಣೆ ಕ್ಯಾಮೆರಾಕ್ಕೆ ತಾಗಿ ಕುಸಿಯಿತು. ದೊಡ್ಡ ಗಂಡಸು ಬಾಯಿ ಬಿಟ್ಟು ಅಳುವುದನ್ನು ನೋಡಲಾಗದೆ ಜನ ನೆಲ ನೋಡಿದರು.

ಮೊಡೆಸ್ಟಾ ಪೆಟ್ಟಿಗೆಯ ಬಳಿಯಿಂದ ಬಂದರು. ಯಾರಿಗೂ ಸರಿಯಿರಿ ಎನ್ನಲಿಲ್ಲ, ಜನರೇ ಸರಿದರು. ಮಗನ ಮುಂದೆ ನಿಂತು ರವಿಕೆಯೊಳಗೆ ಕೈ ಹಾಕಿ ಕರ್ಚೀಫು ತೆಗೆದರು, ಗಂಟು ಬಿಚ್ಚಿದರು. ಗಾಜು ಮೈಯ ಬಿಸಿಗೆ ಮಬ್ಬಾಗಿತ್ತು. ಅದನ್ನು ಸೆರಗಿನಿಂದ ಒರೆಸಿ, ಬೆಳಕಿಗೆ ಹಿಡಿದು ನೋಡಿ, ಇನ್ನೊಮ್ಮೆ ಒರೆಸಿದರು. ಲೆನ್ಸಿನ ಬಾಲದ ಡ್ರಾಯರನ್ನು ಉಗುರಿನಿಂದ ಎಳೆದು, ಗಾಜು ಕೂರಿಸಿ, ಒತ್ತಿದರು. ಟಿಕ್ ಎಂಬ ಸದ್ದು ಪಾದ್ರಿಗಳವರೆಗೂ ಕೇಳಿಸಿತು.

ನಟರಾಜ್ ಲೆನ್ಸು ಅಲುಗದಂತೆ ಗೋಡೆಗೆ ಒತ್ತಿ ಹಿಡಿದರು.

ಜೋ ತಾಯಿಯ ಕೈಯಲ್ಲಿದ್ದ ಕರ್ಚೀಫನ್ನು ನೋಡಿದ. ಅದರ ಮಡಿಕೆಗಳಲ್ಲಿ ಗಾಜಿನ ದುಂಡು ಗುರುತು ಹಾಗೇ ಕೂತಿತ್ತು.

"ನೋಡು," ಎಂದರು ಮೊಡೆಸ್ಟಾ.

ಅವನು ಬಗ್ಗಿ ಕಣ್ಣಿಟ್ಟ. ಉಂಗುರವನ್ನು ನಿಧಾನವಾಗಿ ತಿರುಗಿಸಿದ.

"ಬಂಡೆ," ಎಂದ.

ಜನ ಉಸಿರು ಬಿಟ್ಟರು. ಪೆಟ್ಟಿಗೆ ಇಳಿಯಿತು. ಮೊದಲ ಹಿಡಿ ಮಣ್ಣು ಹಾಕಲು ಮಗನನ್ನು ಕರೆದರು; ಜೋ ಅಲುಗಲಿಲ್ಲ. ಇನ್ನೊಮ್ಮೆ ಕರೆದರು. ರಾಜಲಕ್ಷ್ಮಮ್ಮ ಹೋಗಿ ಭುಜ ಮುಟ್ಟಿದರು. ಅವನು ಲೆನ್ಸಿನಿಂದ ಕಣ್ಣು ತೆಗೆಯಲಿಲ್ಲ. ಮೊಡೆಸ್ಟಾ ಮಣ್ಣು ಹಾಕಿ, ಕರ್ಚೀಫಿಗೆ ಕೈ ಒರೆಸಿಕೊಂಡು, ಅವನ ಪಕ್ಕದಲ್ಲಿ ಬಂದು ನಿಂತರು. ಜನರೆಲ್ಲ ಇಳಿದು ಹೋಗಿ, ಹಾರೆ ಗುದ್ದಲಿಯವರೂ ಹೋದ ಮೇಲೆ, ಅವನು ಇನ್ನೂ ನೋಡುತ್ತಿದ್ದ.

ಎದುರು ಗುಡ್ಡದಲ್ಲಿ ಆನೆ ಇರಲಿಲ್ಲ.