ಇಪ್ಪತ್ತನೆಯ ಫಾರಂ

ಸಾರಕ್ಕಿಯ ಆ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಪಂಕಜಾ ಇಪ್ಪತ್ತೆರಡು ವರ್ಷದಿಂದ ಹಿಂದಿ ಟೀಚರು. ಮಕ್ಕಳು ಅವಳಿಗೆ ಹೆದರುತ್ತಿದ್ದರು, ಹೆದರಿಯೇ ಪಾಸಾಗುತ್ತಿದ್ದರು. ಇಷ್ಟಾದರೆ ಸಾಕು ಎಂದುಕೊಂಡಿದ್ದಳು, ಲತಾಮಣಿ ಬರುವ ತನಕ.

ಲತಾಮಣಿ ಬಂದದ್ದು ಸಂಕ್ರಾಂತಿ ಮುಗಿದ ಮೇಲೆ, ಗುತ್ತಿಗೆ ಕೆಲಸಕ್ಕೆ. ಅವಳ ಸಬ್ಜೆಕ್ಟು ಬ್ಯೂಟಿ ಅಂಡ್ ವೆಲ್‌ನೆಸ್. ಮುಂದಿನ ವರ್ಷ ಒಂಬತ್ತನೇ ಕ್ಲಾಸಿಗೆ ಹೋಗುವವರು ಬೇಕಾದರೆ ಹಿಂದಿ ಬಿಟ್ಟು ಈ ವೃತ್ತಿ ವಿಷಯ ತೆಗೆದುಕೊಳ್ಳಬಹುದಂತೆ. "ಜಡೆ ಹಾಕೋದೂ ಒಂದು ಸಬ್ಜೆಕ್ಟೇನ್ರೀ?" ಎಂದು ಪಂಕಜಾ ಸ್ಟಾಫ್ ರೂಮಿನಲ್ಲಿ ಕೇಳಿದಳು. ಗಣಿತದ ಹಂಸಾ ಆಗಲೇ ಲತಾಮಣಿಯ ಕೈಯಲ್ಲಿ ಹುಬ್ಬು ತಿದ್ದಿಸಿಕೊಂಡು ಬಂದಿದ್ದಳು.

ಪಂಕಜಾಳಿಗೆ ಹೊಟ್ಟೆ ಉರಿಯಿತು. ಉರಿಯದೆ ಇನ್ನೇನು? ಇವಳು ಕಾರಿಡಾರಿನಲ್ಲಿ ನಡೆದರೆ ಮಕ್ಕಳು ಗೋಡೆಗೆ ಅಂಟಿಕೊಳ್ಳುತ್ತಿದ್ದರು, ಲತಾಮಣಿ ನಡೆದರೆ "ಲತಕ್ಕಾ, ಲತಕ್ಕಾ" ಎಂದು ಹಿಂದೆ ಓಡುತ್ತಿದ್ದರು. ಇಷ್ಟು ವರ್ಷದಲ್ಲಿ ಒಂದು ಮಗುವೂ ಪಂಕಜಾಳನ್ನು ಅಕ್ಕ ಎಂದಿರಲಿಲ್ಲ. ಅದರಲ್ಲೂ ಆ ಶೃತಿ! ಇಡೀ ಎಂಟನೇ ಕ್ಲಾಸಿನಲ್ಲಿ ಹಿಂದಿಯನ್ನು ತಪ್ಪಿಲ್ಲದೆ ಬರೆಯುವ ಒಂದೇ ಹುಡುಗಿ. ಊಟದ ಬೆಲ್ಲಾದರೆ ಸಾಕು, ಲತಾಮಣಿಯ ಕನ್ನಡಿ ರೂಮಿನಲ್ಲಿರುತ್ತಿದ್ದಳು.

ಹೆಡ್‌ಮಾಸ್ಟರ್ ಚಕ್ರಪಾಣಿ ನಿಯಮ ಹೇಳಿದರು. ಕ್ಲಾಸಿನಲ್ಲಿ ನಲವತ್ತು ಮಕ್ಕಳು. ಯಾವ ವಿಷಯಕ್ಕೆ ಇಪ್ಪತ್ತು ಫಾರಂ ಬರುವುದಿಲ್ಲವೋ ಆ ವಿಷಯ ಮುಚ್ಚಿದಂತೆ. ತಂದೆತಾಯಿ ಸಹಿ ಮಾಡಿದ ಫಾರಮನ್ನು ಲಕೋಟೆಯಲ್ಲಿಟ್ಟು ಅಂಟಿಸಿ ತಮ್ಮ ರೂಮಿನ ಡಬ್ಬಕ್ಕೆ ಹಾಕಬೇಕು, ಸೋಮವಾರ ಎಣಿಕೆ. ಹಿಂದಿ ಮುಚ್ಚಿದರೆ ಪಂಕಜಾ ಹೆಚ್ಚುವರಿ ಶಿಕ್ಷಕಿ. ಆಮೇಲೆ ಯಾವ ಊರಿಗೆ ಎತ್ತಿ ಹಾಕುತ್ತಾರೋ ದೇವರಿಗೇ ಗೊತ್ತು.

ಶುಕ್ರವಾರ ಬೆಳಿಗ್ಗೆ ಶೃತಿಯ ತಾಯಿ ಲಕ್ಷ್ಮಮ್ಮ ಏದುಸಿರು ಬಿಡುತ್ತಾ ಬಂದಳು. ದೇವರ ಮುಂದೆ ಇಟ್ಟು ತಂದ ಲಕೋಟೆ, ನಾಲ್ಕು ಮೂಲೆಗೂ ಅರಿಶಿನ. ಹೆಡ್‌ಮಾಸ್ಟರ್ ರೂಮಿಗೆ ಬೀಗ ಹಾಕಿತ್ತು.

"ಹತ್ತೂವರೆಗೆ ರಾಹುಕಾಲ ಹತ್ಕೊಳ್ತದೆ ಮಿಸ್. ಅಷ್ಟರೊಳಗೆ ನಿಮ್ ಕೈ ಸೇರಿದ್ರೆ ಸಾಕು, ಆಮೇಲೆ ನೀವೇ ಡಬ್ಬಕ್ಕೆ ಹಾಕ್ಬುಡಿ. ಅವಳೇ ಬರ್ಕೊಂಡವಳೆ, ನಾನು ಸೈನ್ ಮಾಡಿದ್ದಷ್ಟೇ."

ಹತ್ತು ಇಪ್ಪತ್ತೈದಕ್ಕೆ ಪಂಕಜಾ ಅದನ್ನು ಇಸಿದುಕೊಂಡಳು. ಒಳಗೇನಿದೆ ಎಂದು ಒಡೆದು ಬೇರೆ ನೋಡಬೇಕೇ? ಇಡೀ ಸ್ಕೂಲಿಗೇ ಗೊತ್ತು. ಲತಾಮಣಿಗೆ ಒಂದು ಕಡಿಮೆಯಾಗಲಿ ಎಂದುಕೊಂಡು ತನ್ನ ಬ್ಯಾಗಿನ ಒಳಜೇಬಿಗೆ ತುರುಕಿದಳು. ಎರಡು ದಿನ ಊಟವೂ ರುಚಿಸಿತು, ನಿದ್ದೆಯೂ ಬಂತು.

ಸೋಮವಾರ ಇಬ್ಬರು ಟೀಚರುಗಳನ್ನೂ ಎದುರಿಗೆ ಕೂರಿಸಿಕೊಂಡು ಚಕ್ರಪಾಣಿ ಎಣಿಸಿದರು.

"ಬ್ಯೂಟಿ ಇಪ್ಪತ್ತು, ಹಿಂದಿ ಹತ್ತೊಂಬತ್ತು. ಒಂದು ಬಂದಿಲ್ಲ, ಶೃತೀದು. ಕರೆಸಿ ಅವಳನ್ನ."

ಪಂಕಜಾ ಬ್ಯಾಗನ್ನು ಕಾಲ ಹತ್ತಿರಕ್ಕೆ ಎಳೆದುಕೊಂಡಳು. ಬಚ್ಚಿಟ್ಟೂ ಏನು ಬಂತು? ಲತಾಮಣಿಗೆ ಇಪ್ಪತ್ತು ಆಗಿಯೇ ಹೋಯಿತಲ್ಲ.

ಶೃತಿ ಬಂದಳು. "ಶುಕ್ರವಾರಾನೇ ಕೊಟ್ವಲ್ಲ ಸಾರ್. ಹಿಂದಿ ತಗೊಂಡಿದೀನಿ."

"ಮತ್ತೆ ದಿನಾ ಆ ರೂಮಲ್ಲಿ ಏನೇ ಮಾಡ್ತಿದ್ದೆ?" ಪಂಕಜಾಳ ಬಾಯಿಂದ ಬಂದೇಬಿಟ್ಟಿತು.

"ಲತಕ್ಕನ ಟ್ರೈನಿಂಗ್ ಪುಸ್ತಕ ಹಿಂದೀಲಿದೆ ಮಿಸ್. ನಾನು ಓದಿ ಅರ್ಥ ಹೇಳ್ತಿದ್ದೆ. ನಿಮ್ಮನ್ನ ಕೇಳಕ್ಕೆ ಅವ್ರಿಗೆ ಭಯ."

ಲತಾಮಣಿ ತಲೆ ತಗ್ಗಿಸಿದಳು. ಚಕ್ರಪಾಣಿ ಕೇಳಿದರು, "ಫಾರಂ ಯಾರ ಕೈಗೆ ಕೊಟ್ರಿ?"

"ಅಮ್ಮ ಪಂಕಜಾ ಮಿಸ್‌ಗೇ ಕೊಟ್ರು."

ಚಕ್ರಪಾಣಿ ಪಂಕಜಾಳ ಕಡೆ ತಿರುಗಿದರು. ಮೊದಲು ಬಾಯಿ ಬಿಟ್ಟವಳು ಲತಾಮಣಿ. "ಪರೀಕ್ಷೆ ಗಡಿಬಿಡೀಲಿ ಮಿಸ್ ಮರ್ತಿರ್ತಾರೆ ಸಾರ್. ಬ್ಯಾಗಲ್ಲೇ ಇರತ್ತೆ, ನೋಡ್ಲಿ."

ಹೂಂ ಎಂದರೆ ಸಾಕಿತ್ತು. ಹಿಂದಿಯೂ ಉಳಿಯುತ್ತಿತ್ತು, ಮಾನವೂ ಉಳಿಯುತ್ತಿತ್ತು. ಆದರೆ ಆ ನೆಪ ಕೊಟ್ಟವಳು ಲತಾಮಣಿ. ಇಲ್ಲೂ ಅವಳೇ ಒಳ್ಳೆಯವಳಾಗಬೇಕೇ? ಅವಳ ದಯೆಯಲ್ಲಿ ರಿಟೈರಾಗುವ ತನಕ ಪಾಠ ಮಾಡುವುದು ಪಂಕಜಾಳಿಂದ ಆಗದ ಮಾತು.

"ಮರೆತಿಲ್ಲ. ಬಚ್ಚಿಟ್ಟಿದ್ದೆ," ಎಂದು ಲತಾಮಣಿಯ ಕಡೆ ತಿರುಗಿದಳು. "ನಿನ್ನ ಸಬ್ಜೆಕ್ಟು ಬರೆದಿದಾಳೆ ಅಂದ್ಕೊಂಡೆ."

ಮುದುರಿದ ಲಕೋಟೆಯನ್ನು ತೆಗೆದು ಮೇಜಿನ ಮೇಲಿಟ್ಟಳು. ಚಕ್ರಪಾಣಿ ಒಡೆದು ನೋಡಿದರು. ಹಿಂದಿಯೇ. ಇಪ್ಪತ್ತು ಭರ್ತಿಯಾಯಿತು.

ಶೃತಿ ತನ್ನ ಅಮ್ಮ ಹಚ್ಚಿದ್ದ ಅರಿಶಿನವನ್ನು ನೋಡಿದಳು, ಪಂಕಜಾಳ ಮುಖ ನೋಡಿದಳು, ಆಮೇಲೆ ಎರಡು ಹೆಜ್ಜೆ ಸರಿದು ಲತಾಮಣಿಯ ಕುರ್ಚಿಯ ಪಕ್ಕ ನಿಂತಳು.

"ಸಾರ್," ಎಂದಳು, "ಫಾರಂ ಬದಲಾಯಿಸ್ಬಹುದಾ?"